ಬಿಸಿಲಿನ ಭಯ, ನೀರಿನ ವಿಷ

ಎಂವಿಪಿ ಕಾಲೋನಿಯ ನಮ್ಮ ಮನೆಯಿಂದ ವಿಶಾಖಪಟ್ಟಣದ ಕಡಲತೀರ ನಡಿಗೆಯ ದೂರ. ರಜೆಯ ಬೆಳಗ್ಗೆ ಅಲ್ಲಿಗೆ ಹೊರಡುವ ಮುನ್ನ ಮಗಳು ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳುತ್ತಾಳೆ. ‘ಹಚ್ಚದಿದ್ದರೆ ಚರ್ಮದ ಕ್ಯಾನ್ಸರ್ ಬರುತ್ತದಂತೆ ಅಪ್ಪಾ’ ಎನ್ನುತ್ತಾಳೆ. ದಡದಲ್ಲಿ ಜಾಲಾರಿಪೇಟೆಯ ಮೀನುಗಾರರು ಬರಿಮೈಯಲ್ಲಿ ಬಲೆ ಬಿಡಿಸುತ್ತಿರುತ್ತಾರೆ. ಮಗಳ ಭಯ ಸುಳ್ಳಲ್ಲ. ಆದರೆ ಅದು ಹುಟ್ಟಿದ್ದು ಬೇರೊಂದು ಸೀಮೆಯಲ್ಲಿ.

ಚರ್ಮದ ಕ್ಯಾನ್ಸರಿನ ಚರಿತ್ರೆ ಬಿಸಿಲಿನಿಂದ ಆರಂಭವಾಗುವುದಿಲ್ಲ. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡು ಗುಡಿಸುವವರಿಗೆ ಬರುತ್ತಿದ್ದ ಚರ್ಮದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಗುರುತಿಸಿದನು. ಅತಿನೇರಳೆ ಕಿರಣಗಳು ಇಲಿಗಳಲ್ಲಿ ಚರ್ಮದ ಗಡ್ಡೆ ಹುಟ್ಟಿಸುತ್ತವೆಂದು ಫಿಂಡ್ಲೆ ತೋರಿಸಿದ್ದು 1928ರಲ್ಲಿ. ಮುಂದೆ, ಬಿಳಿಯರು ಪ್ರಖರ ಬಿಸಿಲಿನಲ್ಲಿ ನೆಲೆಸಿದ ಆಸ್ಟ್ರೇಲಿಯಾದಲ್ಲಿ ಈ ರೋಗ ಸಾರ್ವಜನಿಕ ಚಿಂತೆಯಾಯಿತು. ಅಲ್ಲಿನ ನ್ಯಾಂಬೋರ್ ಪಟ್ಟಣದಲ್ಲಿ 1992ರಿಂದ ಸುಮಾರು ನಾಲ್ಕೂವರೆ ವರ್ಷ, 1,621 ಜನರನ್ನು ಒಳಗೊಂಡ ಪ್ರಯೋಗ ನಡೆಯಿತು. ದಿನವೂ ಲೇಪ ಹಚ್ಚಿಕೊಂಡ ಗುಂಪಿನಲ್ಲಿ ಸ್ಕ್ವಾಮಸ್ ಕಣದ ಕ್ಯಾನ್ಸರ್‌ಗಳು ಸುಮಾರು ಶೇ. 40ರಷ್ಟು ಕಡಿಮೆಯಾದವು.

ಮೈಬಣ್ಣದ ಮೆಲನಿನ್ ನಮ್ಮನ್ನು ಈ ಕಿರಣಗಳಿಂದ ಬಹುಮಟ್ಟಿಗೆ ಕಾಯುತ್ತದೆ. ಹಾಗೆಂದು ನಮ್ಮ ದೇಶಕ್ಕೆ ಈ ರೋಗದ ಚರಿತ್ರೆಯೇ ಇಲ್ಲವೆಂದಲ್ಲ. ಅದರ ಕಾರಣಗಳು ಬೇರೆ. ಕಾಶ್ಮೀರದಲ್ಲಿದ್ದ ವೈದ್ಯ ಎಲ್ಮ್ಸ್‌ಲೀ 1866ರಲ್ಲಿಯೇ, ಚಳಿಗೆ ನಿಲುವಂಗಿಯೊಳಗೆ ಇಟ್ಟುಕೊಳ್ಳುವ ಕಾಂಗಡಿ ಎಂಬ ಕೆಂಡದ ಕುಡಿಕೆಯ ಶಾಖದಿಂದ ಹೊಟ್ಟೆ, ತೊಡೆಗಳಲ್ಲಿ ಕ್ಯಾನ್ಸರ್ ಬರುವುದನ್ನು ವರದಿ ಮಾಡಿದ್ದನು.

ನಮ್ಮ ಕನ್ನಡನಾಡಿನ ಉದಾಹರಣೆ ಇನ್ನೂ ಹತ್ತಿರದ್ದು, ಇನ್ನೂ ಕಹಿಯಾದುದು. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಕಿರದಳ್ಳಿ ತಾಂಡಾ ಇದೆ. ಅದರ ಸಮೀಪದಲ್ಲಿ ಹಳೆಯ ಚಿನ್ನದ ಗಣಿಗಾರಿಕೆಯ ಮಂಗಳೂರು ಇದೆ. ಇದು ಕರಾವಳಿಯ ಮಂಗಳೂರಲ್ಲ. ಈ ಪ್ರದೇಶದ ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 59 ಕೊಳವೆಬಾವಿಗಳ ನೀರನ್ನು ಪರೀಕ್ಷಿಸಲಾಗಿತ್ತು. ಅವುಗಳಲ್ಲಿ ಶೇ. 79ರಲ್ಲಿ ಆರ್ಸೆನಿಕ್, ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಲೀಟರಿಗೆ 10 ಮೈಕ್ರೋಗ್ರಾಮ್ ಮಿತಿಯನ್ನು ಮೀರಿತ್ತು. ಗರಿಷ್ಠ ಪ್ರಮಾಣ 303. ತಪಾಸಣೆಗೆ ಒಳಗಾದ 181 ಜನರಲ್ಲಿ ಶೇ. 58.6 ಮಂದಿಗೆ ಆರ್ಸೆನಿಕ್‌ನಿಂದಾದ ಚರ್ಮವಿಕಾರಗಳಿದ್ದವು. ಕೆಲವರಲ್ಲಿ ಕ್ಯಾನ್ಸರ್ ಕೂಡ ದೃಢಪಟ್ಟಿತು. ಈ ವಿಷಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಮೈಮೇಲೆ ಮಳೆಹನಿ ಬಿದ್ದಂತಹ ಮಚ್ಚೆಗಳು, ಅಂಗೈ ಅಂಗಾಲುಗಳಲ್ಲಿ ಗಡುಸಾದ ಗಂಟುಗಳು ಅದರ ಕುರುಹು. ವರ್ಷಾನುಗಟ್ಟಲೆ ಕುಡಿದ ಮೇಲೆ ಅವು ಕಾಣಿಸಿಕೊಳ್ಳುತ್ತವೆ.

ಬಿಸಿಲಿನ ಭಯ ಜಾಹೀರಾತುಗಳ ಮೂಲಕ ನಮ್ಮ ಮನೆಗಳನ್ನು ತಲುಪಿದೆ. ಕಿರದಳ್ಳಿಯ ಸಂಗತಿಯನ್ನು ಮಾತ್ರ, ನಾಡಿನಿಂದ ದೂರವಿರುವ ನಾನು ತೀರ ತಡವಾಗಿ ಓದಿದೆ. ಮಗಳ ಕೈಯಿಂದ ಸನ್‌ಸ್ಕ್ರೀನ್ ಕಸಿಯುವ ಇಚ್ಛೆ ನನಗಿಲ್ಲ. ಆದರೆ ಸುರಪುರದ ಕಡೆ ಬಂಧುಗಳಿರುವ ಓದುಗರಲ್ಲಿ ಒಂದು ಬಿನ್ನಹ: ಮುಂದಿನ ಬಾರಿ ಊರಿಗೆ ಫೋನ್ ಮಾಡಿದಾಗ, ಮಳೆ ಬೆಳೆಯ ಜೊತೆಗೆ, ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿದ್ದಾರೆಯೇ ಎಂದೂ ವಿಚಾರಿಸಿರಿ.