ಮುಪ್ಪು ಮತ್ತು ಮನಸ್ಸು: ಐದು ಪ್ರಶ್ನೆಗಳ ಕಥೆ

'ಅರವತ್ತಕ್ಕೆ ಅರಳುಮರಳು' ಎಂಬ ಗಾದೆಯನ್ನು ನೀವು ಕೇಳಿರುತ್ತೀರಿ. ತಮಾಷೆಗೆ ಬಳಸಿಯೂ ಇರಬಹುದು. ಇದನ್ನು ಕೇಳುತ್ತ ಬೆಳೆದವರು ತಾವೇ ಅರವತ್ತನ್ನು ಮುಟ್ಟಿದಾಗ ಏನಾಗುತ್ತದೆ? ಆ ನಂಬಿಕೆ ಅವರ ಆರೋಗ್ಯವನ್ನು ತಟ್ಟಬಲ್ಲುದೇ? ವಿಜ್ಞಾನ ಈ ಪ್ರಶ್ನೆಗೆ ಬರಲು ಬಹಳ ಕಾಲ ಹಿಡಿಯಿತು.

ಮುಪ್ಪಿನ ಅಧ್ಯಯನಕ್ಕೆ 'ಜೆರೊಂಟಾಲಜಿ' ಎಂಬ ಹೆಸರನ್ನು 1903ರಲ್ಲಿ ಕೊಟ್ಟವರು ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್. ವೃದ್ಧರ ಚಿಕಿತ್ಸೆಗೆ 'ಜೀರಿಯಾಟ್ರಿಕ್ಸ್' ಎಂಬ ಹೆಸರು ಬಂದದ್ದು 1909ರಲ್ಲಿ, ವೈದ್ಯ ಇಗ್ನಾಟ್ಜ್ ನಾಷರ್ ಅವರಿಂದ. ಆಗ ಗಮನವೆಲ್ಲ ಹೆಚ್ಚಾಗಿ ದೇಹದ ಮೇಲಿತ್ತು. ಸಮಾಜವು ವೃದ್ಧರನ್ನು ಕೀಳಾಗಿ ಕಾಣುವ ಬಗೆಗೂ ಒಂದು ಹೆಸರು ಬೇಕೆಂದು ತೋರಿದ್ದು 1960ರ ದಶಕದ ಕೊನೆಗೆ. ವಾಷಿಂಗ್ಟನ್ ಬಳಿ ವೃದ್ಧರ ವಸತಿ ಯೋಜನೆಯೊಂದನ್ನು ನೆರೆಯವರು ವಿರೋಧಿಸಿದರು. ಇದನ್ನು ಕಂಡ ಮನೋವೈದ್ಯ ರಾಬರ್ಟ್ ಬಟ್ಲರ್, ವರ್ಣಭೇದದಂತೆ ಇದೂ ಒಂದು ಭೇದವೆಂದು 'ಏಜಿಸಂ', ಅಂದರೆ ವಯೋಭೇದ, ಎಂಬ ಪದವನ್ನು ಬಳಕೆಗೆ ತಂದರು. 1969ರಲ್ಲಿ ಅದನ್ನು ಕುರಿತು ಲೇಖನವನ್ನೂ ಪ್ರಕಟಿಸಿದರು.

ಈಗ ಅಮೆರಿಕದ ಒಹಾಯೊ ರಾಜ್ಯದ ಆಕ್ಸ್‌ಫರ್ಡ್ ಎಂಬ ಪುಟ್ಟ ಊರಿಗೆ ಬನ್ನಿ. ಸಮಾಜವಿಜ್ಞಾನಿ ರಾಬರ್ಟ್ ಆಚ್ಲಿ 1975ರಲ್ಲಿ ಅಲ್ಲಿನ 50 ದಾಟಿದವರ ದೀರ್ಘಕಾಲದ ಅಧ್ಯಯನವೊಂದನ್ನು ಆರಂಭಿಸಿದರು. ಕೇಳಿದ ಅನೇಕ ಪ್ರಶ್ನೆಗಳಲ್ಲಿ ಐದು, ಸ್ವಂತ ಮುಪ್ಪನ್ನು ಕುರಿತವು. ವಯಸ್ಸಾದಂತೆ ಎಲ್ಲವೂ ಹದಗೆಡುತ್ತಿದೆಯೇ? ಹೋದ ವರ್ಷದ ಹುರುಪು ಈಗಲೂ ಇದೆಯೇ? ನಿಮ್ಮಿಂದ ಆಗುವ ಉಪಯೋಗ ಕಡಿಮೆಯಾಯಿತೆನಿಸುತ್ತದೆಯೇ? ಹೀಗೆ.

ಯೇಲ್ ವಿಶ್ವವಿದ್ಯಾಲಯದ ಬೆಕಾ ಲೆವಿ ಮತ್ತು ಸಂಗಡಿಗರು ಈ ಹಳೆಯ ಉತ್ತರಗಳನ್ನು ಹೊರತೆಗೆದು, 1998ರವರೆಗಿನ ಮರಣ ದಾಖಲೆಗಳೊಡನೆ ಹೋಲಿಸಿದರು. ಒಟ್ಟು 660 ಜನ. ಫಲಿತಾಂಶ 2002ರಲ್ಲಿ ಪ್ರಕಟವಾಯಿತು: ತಮ್ಮ ಮುಪ್ಪನ್ನು ಒಳ್ಳೆಯ ದೃಷ್ಟಿಯಿಂದ ಕಂಡವರು ಉಳಿದವರಿಗಿಂತ ಸುಮಾರು ಏಳೂವರೆ ವರ್ಷ ಹೆಚ್ಚು ಬಾಳಿದ್ದರು!

ಇಲ್ಲಿ ನೀವು ಆಕ್ಷೇಪ ಎತ್ತಬೇಕು. ಆರೋಗ್ಯ ಚೆನ್ನಾಗಿದ್ದುದರಿಂದಲೇ ಅವರ ಉತ್ತರ ಹಾಗಿದ್ದಿರಬಾರದೇಕೆ? ಸಂಶೋಧಕರಿಗೂ ಈ ಸಂದೇಹವಿತ್ತು. ಆದ್ದರಿಂದ ವಯಸ್ಸು, ಲಿಂಗ, ಆರ್ಥಿಕ ಸ್ಥಿತಿ, ಒಂಟಿತನ, ದೈಹಿಕ ಸಾಮರ್ಥ್ಯ ಇವುಗಳ ಪ್ರಭಾವವನ್ನು ಲೆಕ್ಕದಲ್ಲಿ ಬೇರ್ಪಡಿಸಿ ನೋಡಿದರು. ಆಗಲೂ ವ್ಯತ್ಯಾಸ ಉಳಿಯಿತು. ಆದರೂ ಇದು ಸಹಸಂಬಂಧ. ಕಾರಣವನ್ನು ಸ್ಥಾಪಿಸಲು ಇಷ್ಟೇ ಸಾಲದು.

ಹಾಗಾದರೆ ಪ್ರಯೋಗ ಸಾಧ್ಯವೇ? ಲೆವಿ ತಂಡ 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಹಿರಿಯರ ಎದುರಿನ ಪರದೆಯ ಮೇಲೆ ಮುಪ್ಪನ್ನು ಹೀಗಳೆಯುವ ಅಥವಾ ಮೆಚ್ಚುವ ಪದಗಳನ್ನು, ಓದಲಾಗದಷ್ಟು ವೇಗವಾಗಿ ಮಿಂಚಿಸಿದರು. ಬಳಿಕ ಲೆಕ್ಕ ಮಾಡಿಸಿದರು. ಹೀಗಳೆಯುವ ಪದಗಳಿಗೆ ಒಡ್ಡಿಕೊಂಡವರಲ್ಲಿ ರಕ್ತದೊತ್ತಡ ಮತ್ತು ಹೃದಯ ಬಡಿತದ ಏರಿಕೆ ಹೆಚ್ಚಾಗಿತ್ತು. ಇದು ಕ್ಷಣಿಕ ಪರಿಣಾಮ, ನಿಜ. ಆದರೆ ನಂಬಿಕೆಯಿಂದ ದೇಹಕ್ಕೆ ದಾರಿಯೊಂದು ಇದೆಯೆಂಬುದಕ್ಕೆ ಸುಳಿವು. ಇನ್ನೊಂದು ದಾರಿ ನಡವಳಿಕೆ: 'ಈ ವಯಸ್ಸಿಗೆ ಇದೆಲ್ಲ ಸಹಜ' ಎಂದುಕೊಂಡವರು ವಾಸಿಯಾಗಬಲ್ಲ ಮಂಡಿನೋವಿಗೂ ವೈದ್ಯರ ಬಳಿ ಹೋಗುವುದಿಲ್ಲ, ನಡಿಗೆಯನ್ನೂ ಬಿಡುತ್ತಾರೆ.

ಒಂದು ಎಚ್ಚರಿಕೆ. ಕಾಯಿಲೆ ಬಿದ್ದ ವೃದ್ಧರಿಗೆ 'ನಿಮ್ಮ ಮನಸ್ಸೇ ಸರಿಯಿಲ್ಲ' ಎನ್ನುವುದು ಈ ಸಂಶೋಧನೆಯ ಪಾಠವಲ್ಲ. ಬಡತನ, ಅಪೌಷ್ಟಿಕತೆ, ಔಷಧಿಯ ಅಭಾವಗಳನ್ನು ಒಳ್ಳೆಯ ಯೋಚನೆ ಅಳಿಸಿಹಾಕದು. ಈ ನಂಬಿಕೆಗಳನ್ನು ಒಬ್ಬೊಬ್ಬರೇ ಹುಟ್ಟಿಸಿಕೊಂಡವರಲ್ಲ; ಸುತ್ತಲಿನವರು ಕೊಟ್ಟದ್ದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವಯೋಭೇದವನ್ನು ಕುರಿತು ಜಾಗತಿಕ ವರದಿ ಹೊರತಂದಾಗ ಬದಲಾವಣೆಗೆ ಹೇಳಿದ ಮಾರ್ಗಗಳಲ್ಲಿ ಶಿಕ್ಷಣವೂ ಒಂದು, ತಲೆಮಾರುಗಳ ಒಡನಾಟವೂ ಒಂದು.

ಶಿಕ್ಷಕರೇ, ತರಗತಿಯಲ್ಲಿ ಹೀಗೆ ಮಾಡಿ ನೋಡಿ. 'ಮುಪ್ಪು' ಎಂದೊಡನೆ ಹೊಳೆಯುವ ಐದು ಪದಗಳನ್ನು ಮಕ್ಕಳಿಂದ ಬರೆಸಿ. ಮನೆಯ ಅಥವಾ ನೆರೆಯ ಹಿರಿಯರೊಬ್ಬರೊಡನೆ ಒಂದು ಗಂಟೆ ಮಾತಾಡಿ ಬರಲು ಹೇಳಿ, ಮತ್ತೆ ಬರೆಸಿ. ಎರಡು ಪಟ್ಟಿಗಳನ್ನೂ ಕರಿಹಲಗೆಯ ಮೇಲೆ ಅಕ್ಕಪಕ್ಕ ಇಡಿ. ಆ ಮಕ್ಕಳಿಗೂ ಒಂದು ದಿನ ಅರವತ್ತಾಗುತ್ತದೆ.