ಅತಿಮಾನವ ಚಿತ್ರಕಥಾನಾಯಕರು: ಲೇಖಕಭೇದ ಮತ್ತು ಪಾತ್ರಭೇದ

ಅಸಾಧಾರಣವಾದ ದೈಹಿಕ ಅಥವಾ ದೈವಿಕ ಶಕ್ತಿಯನ್ನು ಪಡೆದು, ಬಹುಮಟ್ಟಿಗೆ ಮುಖವಾಡದ ಮರೆಯಲ್ಲಿದ್ದುಕೊಂಡು, ದುಷ್ಟಶಿಕ್ಷಣವನ್ನೇ ವ್ರತವಾಗಿ ಕೈಗೊಂಡ ವ್ಯಕ್ತಿಯೊಬ್ಬನ ಸಾಹಸಗಳನ್ನು ಚಿತ್ರಮಾಲಿಕೆಯ ರೂಪದಲ್ಲಿ ನಿರೂಪಿಸುವ ಕಥಾಪ್ರಕಾರಕ್ಕೆ ಅತಿಮಾನವ ಚಿತ್ರಕಥೆ, ಅಥವಾ ಬಳಕೆಯ ಮಾತಿನಲ್ಲಿ ಸೂಪರ್‌ಹೀರೊ ಕಾಮಿಕ್ಸ್, ಎಂದು ಹೆಸರು. ಕಾದಂಬರಿಯ ನಾಯಕ ಸಾಮಾನ್ಯವಾಗಿ ತನ್ನ ಕರ್ತೃವಿನೊಡನೆ ಹುಟ್ಟಿ ಅವನೊಡನೆಯೇ ಮುಗಿಯುತ್ತಾನೆ. ಈ ಪ್ರಕಾರದ ನಾಯಕನಾದರೋ ಪ್ರಕಾಶಕ ಸಂಸ್ಥೆಯ ಸ್ವತ್ತಾದ್ದರಿಂದ, ಒಬ್ಬ ಲೇಖಕ ಬಿಟ್ಟಲ್ಲಿಂದ ಇನ್ನೊಬ್ಬ ಲೇಖಕ ಅವನನ್ನು ಎತ್ತಿಕೊಂಡು, ಹೆಸರನ್ನೂ ವೇಷವನ್ನೂ ಹಾಗೆಯೇ ಉಳಿಸಿ, ಒಳಗಿನ ಮನುಷ್ಯನನ್ನು ಮಾತ್ರ ಬದಲಿಸುತ್ತ ಹೋಗುತ್ತಾನೆ. ಹೀಗೆ ಬದಲಾಗುವ ಬಗೆ, ಅದರಲ್ಲಿಯೂ ಬೆಂಗಳೂರಿನ ಚಿತ್ರಶಾಲೆಗಳಲ್ಲಿ ರೂಪುಗೊಂಡ ಒಂದೆರಡು ಪಾತ್ರಗಳ ಇತಿಹಾಸ, ಈ ಲೇಖನದ ವಿಷಯ.

ಒಂದೇ ವೀರನನ್ನು ಹಲವರು ತಮ್ಮ ತಮ್ಮ ಮನೋಧರ್ಮಕ್ಕೆ ತಕ್ಕಂತೆ ಮರುಸೃಷ್ಟಿಸುವುದು ಕನ್ನಡ ವಾಚಕರಿಗೆ ಹೊಸ ಸಂಗತಿಯಲ್ಲ. ಕ್ರಿ.ಶ. 941ರ ಸುಮಾರಿನಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪ, ಅರ್ಜುನನಲ್ಲಿ ತನ್ನ ಆಶ್ರಯದಾತ ಅರಿಕೇಸರಿಯನ್ನು ಕಂಡು, ಆ ಸಮೀಕರಣದ ಸಲುವಾಗಿಯೇ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿಸಿ, ಕಡೆಯಲ್ಲಿ ಪಟ್ಟವನ್ನೂ ಅವನಿಗೇ ಕಟ್ಟಿದನು. ರನ್ನನು ಸತ್ಯಾಶ್ರಯನನ್ನು ಭೀಮನೊಡನೆ ಹೋಲಿಸಿ ಗದಾಯುದ್ಧವನ್ನು ಬರೆಯಹೊರಟರೂ, ಓದುಗರ ಮನಸ್ಸಿನಲ್ಲಿ ಉಳಿಯುವವನು ಅವನ ದುರ್ಯೋಧನ. ಕುಮಾರವ್ಯಾಸನಲ್ಲಿ ಪಾಂಡವರ ಶೌರ್ಯವೆಲ್ಲ ಕೃಷ್ಣನ ಲೀಲೆಯ ನೆರಳಾಗಿದ್ದರೆ, 1979ರಲ್ಲಿ ಪ್ರಕಟವಾದ ‘ಪರ್ವ’ದಲ್ಲಿ ಎಸ್. ಎಲ್. ಭೈರಪ್ಪನವರು ವರ, ಶಾಪ, ಪವಾಡಗಳನ್ನೆಲ್ಲ ಕಳಚಿಟ್ಟು, ಅದೇ ವೀರರನ್ನು ಮುಪ್ಪಿಗೂ ಸಂಶಯಕ್ಕೂ ಒಳಗಾದ ಮನುಷ್ಯರನ್ನಾಗಿ ನಿಲ್ಲಿಸಿದರು. ಅಮೆರಿಕದ ವಿಮರ್ಶಕರು ತಮ್ಮ ಚಿತ್ರಕಥೆಗಳ ವಿಷಯದಲ್ಲಿ ಬಹು ಸಂಭ್ರಮದಿಂದ ಚರ್ಚಿಸುವ ಪ್ರಶ್ನೆ, ಎಂದರೆ ಪಾತ್ರ ಯಾರದು ಎಂಬುದು, ನಮ್ಮಲ್ಲಿ ಸಾವಿರ ವರ್ಷಗಳ ಹಿಂದೆಯೇ ಕಾವ್ಯವ್ಯವಹಾರದ ಮಾತಾಗಿತ್ತು.

ಪಾಶ್ಚಾತ್ಯ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. 1938ರಲ್ಲಿ ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಸೃಷ್ಟಿಸಿದ ಸೂಪರ್‌ಮ್ಯಾನ್ ಮೊದಲಲ್ಲಿ ಹಾರುತ್ತಿರಲಿಲ್ಲ. ಒಂದು ಮೈಲಿಯ ಎಂಟನೆಯ ಒಂದು ಭಾಗದಷ್ಟು ದೂರ ನೆಗೆಯಬಲ್ಲವನಾಗಿದ್ದ, ಅಷ್ಟೆ. ಮರುವರ್ಷ ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ರೂಪಿಸಿದ ಬ್ಯಾಟ್‌ಮ್ಯಾನ್ ಆರಂಭದ ಕತೆಗಳಲ್ಲಿ ಪಾತಕಿಗಳನ್ನು ಕೊಲ್ಲಲು ಹಿಂಜರಿಯದವನು. 1940ರಲ್ಲಿ ರಾಬಿನ್ ಎಂಬ ಬಾಲಕ ಜೊತೆಗೂಡಿದ ಮೇಲೆ ಹಿರಿಯಣ್ಣನ ಮೃದುತ್ವವನ್ನು ತಾಳಿದವನು. 1970ರ ದಶಕದಲ್ಲಿ ಡೆನ್ನಿ ಓನೀಲ್ ಕೈಯಲ್ಲಿ ಮತ್ತೆ ಇರುಳಿನ ಏಕಾಂಗಿಯಾದವನು. 1986ರಲ್ಲಿ ಫ್ರ್ಯಾಂಕ್ ಮಿಲ್ಲರ್ ಕೈಯಲ್ಲಿ ಐವತ್ತೈದು ವರ್ಷದ, ಕಹಿಯುಂಡ ಮುದುಕನಾದವನು. ಈ ನಾಲ್ವರೂ ಧರಿಸಿದ್ದು ಒಂದೇ ಮುಖವಾಡ. ಕರ್ತೃತ್ವದ ಗೊಂದಲಕ್ಕೆ ಇನ್ನೊಂದು ನಿದರ್ಶನವೂ ಇಲ್ಲಿಯೇ ದೊರೆಯುತ್ತದೆ: ಫಿಂಗರನ ಹೆಸರು ಅಧಿಕೃತವಾಗಿ ಕೇನನ ಹೆಸರಿನ ಪಕ್ಕದಲ್ಲಿ ಅಚ್ಚಾದದ್ದು 2015ರಲ್ಲಿ, ಅವನು ತೀರಿಕೊಂಡು ನಾಲ್ಕು ದಶಕಗಳು ಕಳೆದ ಮೇಲೆ.

ಲೇಖಕನ ಪ್ರಭಾವ ಎಷ್ಟರಮಟ್ಟಿನದು ಎಂಬುದನ್ನು ತಿಳಿಯಬೇಕಾದರೆ ಈ ಕೆಲಸದ ಕ್ರಮವನ್ನು ಅರಿಯಬೇಕು. ಒಂದು ಕ್ರಮದಲ್ಲಿ ಲೇಖಕನು ಪುಟಪುಟಕ್ಕೂ ಎಷ್ಟು ಚೌಕಗಳು, ಪ್ರತಿ ಚೌಕದಲ್ಲಿ ಯಾರು, ಯಾವ ಮಾತು ಎಂಬುದನ್ನು ಪೂರ್ಣವಾಗಿ ಬರೆದು ಚಿತ್ರಕಾರನಿಗೆ ಒಪ್ಪಿಸುತ್ತಾನೆ. ಸ್ಟಾನ್ ಲೀ ಬಳಕೆಗೆ ತಂದ, ಮಾರ್ವೆಲ್ ಸಂಸ್ಥೆಯ ಹೆಸರಿನಿಂದಲೇ ಪ್ರಸಿದ್ಧವಾದ ಇನ್ನೊಂದು ಕ್ರಮದಲ್ಲಿ ಲೇಖಕ ಕಥಾಸೂತ್ರವನ್ನಷ್ಟೆ ಹೇಳುತ್ತಾನೆ. ಚಿತ್ರಕಾರ ಅದನ್ನು ಪುಟಗಳಿಗೆ ಹಂಚಿ, ಸನ್ನಿವೇಶಗಳನ್ನು ತಾನೇ ಕಲ್ಪಿಸಿ ಬರೆದ ಮೇಲೆ, ಮಾತಿನ ಗುಳ್ಳೆಗಳನ್ನು ಲೇಖಕ ತುಂಬುತ್ತಾನೆ. 1962ರಲ್ಲಿ ಮೊದಲು ಕಾಣಿಸಿಕೊಂಡ ಸ್ಪೈಡರ್‌ಮ್ಯಾನ್ ವಿಷಯದಲ್ಲಿ ಲೀ ಮತ್ತು ಚಿತ್ರಕಾರ ಸ್ಟೀವ್ ಡಿಟ್ಕೊ ಇವರಲ್ಲಿ ಯಾರ ಪಾಲೆಷ್ಟು ಎಂಬ ವಾದ ತೀರದೆ ಉಳಿದುದಕ್ಕೆ ಈ ಕ್ರಮವೂ ಒಂದು ಕಾರಣ.

ಕನ್ನಡನಾಡಿಗೆ ಈ ಸಾಹಿತ್ಯ ಬಂದ ಬಾಗಿಲು ಇಂದ್ರಜಾಲ ಕಾಮಿಕ್ಸ್. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 1964ರ ಮಾರ್ಚ್‌ನಲ್ಲಿ ಆರಂಭಿಸಿದ ಈ ಮಾಲಿಕೆ, ಹಲವು ಭಾರತೀಯ ಭಾಷೆಗಳ ಜೊತೆಗೆ ಕನ್ನಡದಲ್ಲಿಯೂ ಹೊರಟು, ಲೀ ಫಾಕ್ ಎಂಬ ಅಮೆರಿಕನ್ ಲೇಖಕನ ಫ್ಯಾಂಟಮನನ್ನು ಮನೆಮನೆಯ ಮಾತನ್ನಾಗಿ ಮಾಡಿತು. ಫ್ಯಾಂಟಮ್ ಈ ಲೇಖನದ ಮಟ್ಟಿಗೆ ಒಂದು ಅಪವಾದ. ಏಕೆಂದರೆ 1936ರಿಂದ 1999ರಲ್ಲಿ ತಾನು ತೀರಿಕೊಳ್ಳುವವರೆಗೂ ಬಹುಮಟ್ಟಿಗೆ ಫಾಕ್ ಒಬ್ಬನೇ ಅವನ ಕತೆಯನ್ನು ನಡೆಸಿದನು. ರೇ ಮೂರ್, ವಿಲ್ಸನ್ ಮೆಕಾಯ್, ಸೈ ಬ್ಯಾರಿ ಎಂದು ಚಿತ್ರಕಾರರು ಬದಲಾದಂತೆ ಫ್ಯಾಂಟಮನ ಮೈಕಟ್ಟು ಬದಲಾಯಿತೇ ಹೊರತು, ತಲೆಬುರುಡೆಯ ಮೇಲೆ ಕೈಯಿಟ್ಟು ಮಾಡಿದ ಕುಲಪ್ರತಿಜ್ಞೆಯ ಗಾಂಭೀರ್ಯ, ಮಿತಭಾಷೆ, ಕಾಡಿನ ಜನರ ನಡುವಣ ಅವನ ಸಲಿಗೆ ಇವು ಎಳ್ಳಷ್ಟೂ ಕದಲಲಿಲ್ಲ. ಆದರೂ ಭಾರತದ ಓದುಗರ ಫ್ಯಾಂಟಮ್ ಪೂರ್ತಿಯಾಗಿ ಫಾಕನವನಲ್ಲ. ಮೂಲದ ಬಂಗಾಳಸದೃಶವಾದ ದೇಶನಾಮವನ್ನು ಇಲ್ಲಿನ ಸಂಪಾದಕರು ಡೆಂಕಾಳಿ ಎಂದು ಬದಲಿಸಿದರು. ಕಡಲುಗಳ್ಳರ ಕುಲಕ್ಕಿದ್ದ ಸಿಂಗ್ ಎಂಬ ಹೆಸರು ನೆರೆಹೊರೆಯವರ ಮನಸ್ಸನ್ನು ನೋಯಿಸೀತೆಂದು ಅದನ್ನು ಸಿಂಗಾ ಮಾಡಿದರು. ಹೆಸರಿಲ್ಲದ ಸಂಪಾದಕ ಮತ್ತು ಅನುವಾದಕ ಇಬ್ಬರೂ ಪಾತ್ರಕರ್ತೃಗಳ ಸಾಲಿಗೆ ಸೇರತಕ್ಕವರೆಂಬುದು ಇಲ್ಲಿ ಮೊದಲು ಗೋಚರವಾಗುತ್ತದೆ.

1976ರಲ್ಲಿ ಆಬಿದ್ ಸುರ್ತಿ ಇದೇ ಮಾಲಿಕೆಗಾಗಿ ಬಹಾದುರ್ ಎಂಬ ದೇಶೀಯ ನಾಯಕನನ್ನು ಸೃಷ್ಟಿಸಿದರು. ಅವನಿಗೆ ಅಲೌಕಿಕ ಶಕ್ತಿಯಿಲ್ಲವಾಗಿ ಕಟ್ಟುನಿಟ್ಟಿನ ಲಕ್ಷಣಕಾರರು ಅವನನ್ನು ಈ ವರ್ಗದಿಂದ ಹೊರಗಿಟ್ಟಾರು. ಆದರೆ ದರೋಡೆಕೋರನ ಮಗನಾಗಿ ಹುಟ್ಟಿ, ತಂದೆಯನ್ನು ಕೊಂದ ಪೋಲೀಸ್ ಅಧಿಕಾರಿಯ ಆಶ್ರಯದಲ್ಲಿಯೇ ಬೆಳೆದು, ಊರಿನವರ ರಕ್ಷಣಾದಳವನ್ನು ಕಟ್ಟಿದ ಈ ಯುವಕನ ಒಳಗುದಿ, ಹಲವು ಮುಖವಾಡಧಾರಿಗಳಲ್ಲಿ ಕಾಣದಷ್ಟು ನಿಜವಾದುದು. ಸುರ್ತಿಯವರ ನಂತರ ಜಗಜಿತ್ ಉಪ್ಪಲ್ ಬರೆಯತೊಡಗಿದಾಗ ಕತೆ ಡಕಾಯಿತರ ಕಣಿವೆಗಳನ್ನು ಬಿಟ್ಟು ನಗರದ ಅಪರಾಧಗಳತ್ತ ತಿರುಗಿತು. ಒಳಗುದಿ ತಗ್ಗಿ ವೇಗ ಹೆಚ್ಚಿತು.

ದಕ್ಷಿಣ ಬೆಂಗಳೂರಿನ ಬಡಾವಣೆಗಳು ಹರಡಿದ ಕಾಲವೂ ಈ ಪುಸ್ತಕಗಳು ಹರಡಿದ ಕಾಲವೂ ಬಹುಮಟ್ಟಿಗೆ ಒಂದೇ. 1948ರಲ್ಲಿ ಅಸ್ತಿಭಾರವನ್ನು ಕಂಡ ಜಯನಗರವೂ ಅದರ ಹಿಂದೆ ಬೆಳೆದ ಬನಶಂಕರಿಯೂ ಮಧ್ಯಮವರ್ಗದ ನೌಕರರ ಮನೆಗಳಿಂದ ತುಂಬುತ್ತಿದ್ದಂತೆ, ಬೀದಿಯ ತಿರುವಿನ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಬೇಸಗೆ ರಜೆಯ ಮಕ್ಕಳಿಗೆ ಇವನ್ನು ದಿನಬಾಡಿಗೆಗೆ ಕೊಡತೊಡಗಿದವು. ನಾಲ್ಕೈದು ಸಂಚಿಕೆಗಳನ್ನು ಕ್ರಮವಿಲ್ಲದೆ ಒಟ್ಟಿಗೆ ಹೊಲಿದು, ರಟ್ಟು ಹಾಕಿ, ಬೆನ್ನಿಗೆ ಕಂದುಬಣ್ಣದ ಕಾಗದವನ್ನು ಅಂಟಿಸಿದ ಆ ಸಂಪುಟಗಳಲ್ಲಿ ಹೊದಿಕೆಯೊಡನೆ ಕರ್ತೃವಿನ ಹೆಸರೂ ಹಾರಿಹೋಗಿರುತ್ತಿದ್ದುದು ಸಾಮಾನ್ಯ. ಹೀಗಾಗಿ ಒಬ್ಬನೇ ಬಹಾದುರ್ ಮೊದಲ ಕತೆಯಲ್ಲಿ ಚಿಂತಾಮಗ್ನನಾಗಿಯೂ ಎರಡನೆಯದರಲ್ಲಿ ಚುರುಕಾಗಿಯೂ ತೋರಿದಾಗ, ಆ ವ್ಯತ್ಯಾಸವನ್ನು ಬಾಲವಾಚಕರು ನಾಯಕನ ಮನಃಸ್ಥಿತಿಯೆಂದೇ ಭಾವಿಸಬೇಕಾಗಿತ್ತು.

ಅಮರ ಚಿತ್ರ ಕಥಾ ಮಾಲಿಕೆಯ ಮೂಲವನ್ನು ಅರಸುವವರು ಬೆಂಗಳೂರಿಗೇ ಬರಬೇಕು. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಪ್ರೇರಣೆಯಿಂದ 1965ರಲ್ಲಿ ಪಾಶ್ಚಾತ್ಯ ಕಿನ್ನರಕತೆಗಳು ಕನ್ನಡದಲ್ಲಿ ಚಿತ್ರಕಥೆಗಳಾಗಿ ಹೊರಟವು. ಕಾರ್ಕಳದಲ್ಲಿ 1929ರಲ್ಲಿ ಜನಿಸಿದ ಅನಂತ ಪೈ ಸಂಪಾದಕತ್ವದಲ್ಲಿ ಭಾರತೀಯ ವಸ್ತುವಿಗೆ ತಿರುಗಿದ ಮಾಲಿಕೆ, ಆ ಮೊದಲ ಹತ್ತನ್ನು ಲೆಕ್ಕಕ್ಕೆ ಹಿಡಿದು, 11ನೆಯ ಸಂಖ್ಯೆಯ ‘ಕೃಷ್ಣ’ದಿಂದ ಮುಂದುವರಿಯಿತು. ಪೈಯವರು ಆರಂಭದಲ್ಲಿ ಪವಾಡಗಳನ್ನು ಸಂಕೋಚದಿಂದಲೇ ಕಂಡವರು. ಗೋವರ್ಧನವನ್ನು ಎತ್ತುವ ಪ್ರಸಂಗವನ್ನು ಮೊದಲ ಆವೃತ್ತಿಯಲ್ಲಿ ಮಿತವಾಗಿ ಮುಗಿಸಿದವರು, ಮುಂದಿನ ಆವೃತ್ತಿಯಲ್ಲಿ ಅದಕ್ಕೆ ವಿಸ್ತಾರವಾದ ಅವಕಾಶವನ್ನು ಕೊಟ್ಟರು. ದೇವರನ್ನೂ ಅತಿಮಾನವನನ್ನೂ ಬೇರ್ಪಡಿಸುವ ಗೆರೆ ಎಲ್ಲಿ ಬೀಳಬೇಕೆಂಬುದನ್ನು ನಿರ್ಣಯಿಸಿದ್ದು, ಇಲ್ಲಿ, ಪುರಾಣವಲ್ಲ, ಸಂಪಾದಕನ ಮೇಜು.

ಬೆಂಗಳೂರು ಈ ಪ್ರಕಾರದ ಗ್ರಾಹಕಸ್ಥಾನದಿಂದ ನಿರ್ಮಾಣಸ್ಥಾನಕ್ಕೆ ಏರಿದ್ದು ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ. ಶರದ್ ದೇವರಾಜನ್ ಮತ್ತು ಸುರೇಶ್ ಸೀತಾರಾಮನ್ ಅವರ ಗೋಥಮ್ ಸಂಸ್ಥೆ, ಮಾರ್ವೆಲ್ ಅನುಮತಿಯಿಂದ, ಚಿತ್ರಕಾರ ಜೀವನ್ ಜೆ. ಕಾಂಗ್ ಅವರೊಡನೆ 2004ರಲ್ಲಿ ಸ್ಪೈಡರ್‌ಮ್ಯಾನನ ಭಾರತೀಯ ಅವತಾರವನ್ನು ರೂಪಿಸಿತು. ನಾಲ್ಕು ಸಂಚಿಕೆಗಳ ಈ ಕತೆಯ ನಾಯಕ ಪವಿತ್ರ ಪ್ರಭಾಕರ್, ವಿದ್ಯಾರ್ಥಿವೇತನದ ಬಲದಿಂದ ಹಳ್ಳಿಯಿಂದ ಮುಂಬಯಿಗೆ ಬಂದು, ಉಡುಗೆಯ ಕಾರಣಕ್ಕೆ ಸಹಪಾಠಿಗಳ ಹಾಸ್ಯಕ್ಕೆ ಗುರಿಯಾದ ಹುಡುಗ. ಮೂಲದಲ್ಲಿ ವಿಕಿರಣಕ್ಕೊಳಗಾದ ಜೇಡ ಕಚ್ಚಿ ಬಂದ ಶಕ್ತಿ ಇಲ್ಲಿ ವೃದ್ಧಯೋಗಿಯೊಬ್ಬನ ಅನುಗ್ರಹದಿಂದ ಬರುತ್ತದೆ. ಮೂಲದಲ್ಲಿ ರಸಾಯನಪ್ರಯೋಗದಿಂದ ಹುಟ್ಟಿದ ಹಸಿರು ಪಿಶಾಚಿ ಇಲ್ಲಿ, ನಳಿನ್ ಒಬೆರಾಯ್ ಎಂಬ ಉದ್ಯಮಿಯು ಪುರಾತನ ತಾಯಿತವೊಂದರಿಂದ ಪಡೆದ ರಾಕ್ಷಸತ್ವವಾಗುತ್ತದೆ. ಕೆಂಪು ಅಂಗಿಯ ಜೇಡರಬಲೆಯ ಕೆಳಗೆ ಧೋತ್ರದಂತೆ ನೆರಿಗೆಗೂಡಿದ ಸಡಿಲವಾದ ಉಡುಗೆ, ಕಾಲಲ್ಲಿ ಮೊನೆ ಬಾಗಿದ ಜೋಡು, ಬೆನ್ನ ಹಿಂದೆ ಮುಂಬಯಿಯ ಕಟ್ಟಡಗಳ ಸಾಲು: ಕಾಂಗ್ ಬರೆದ ಈ ಆಕೃತಿಯೇ ಜನಮನದಲ್ಲಿ ನಿಂತಿತು.

ಕರ್ತೃಗಳ ಮುಖ್ಯ ನಿರ್ಣಯ ವಿಜ್ಞಾನದ ಜಾಗದಲ್ಲಿ ತಪಸ್ಸನ್ನು ಇಟ್ಟದ್ದು. ಇದನ್ನು ಮೆಚ್ಚಿದವರೂ ಇದ್ದಾರೆ. ವಿಜ್ಞಾನಸಂಸ್ಥೆಗಳಿಂದ ಹೆಸರಾದ ಊರಿನಲ್ಲಿ ಕುಳಿತು ಭಾರತವೆಂದೊಡನೆ ಯೋಗಿಯನ್ನೂ ತಾಯಿತವನ್ನೂ ನೆನೆದದ್ದು ಹೊರಗಿನವರ ಕಣ್ಣಿಂದ ನೋಡಿದಂತಾಯಿತೆಂದು ಆಕ್ಷೇಪಿಸುವುದೂ ನ್ಯಾಯವೇ. ಆದರೆ ಭೀಮ ಚಿಕ್ಕಪ್ಪನ ಪ್ರಸಂಗದಲ್ಲಿ ಈ ಕತೆ ಅನುಕರಣವನ್ನು ಮೀರುತ್ತದೆ. ದುಷ್ಟರ ಕೈಗೆ ಸಿಕ್ಕಿದ ಹೆಣ್ಣೊಬ್ಬಳ ಕೂಗನ್ನು ಕೇಳಿಯೂ ಪವಿತ್ರ ಮುಂದೆ ಹೋಗುತ್ತಾನೆ. ಶಕ್ತಿಯಿಲ್ಲದ ಚಿಕ್ಕಪ್ಪ ನಿಲ್ಲುತ್ತಾನೆ, ನಿಂತು ಸಾಯುತ್ತಾನೆ. ಮೂಲದಲ್ಲಿ ನಾಯಕ ಬಿಟ್ಟುಬಿಟ್ಟ ಕಳ್ಳನೇ ಮುಂದೆ ಕೊಲೆಗಾರನಾಗಿ ಬರುವುದು ದೈವಯೋಗದಂತೆ ತೋರಿದರೆ, ಇಲ್ಲಿ ಒಂದೇ ಬೀದಿಯ ಒಂದೇ ಕೂಗಿಗೆ ಇಬ್ಬರು ಕೊಟ್ಟ ಉತ್ತರಗಳು ಎದುರುಬದುರಾಗಿ ನಿಲ್ಲುತ್ತವೆ.

2006ರಲ್ಲಿ ರಿಚರ್ಡ್ ಬ್ರಾನ್ಸನ್, ದೀಪಕ್ ಚೋಪ್ರಾ, ಶೇಖರ್ ಕಪೂರ್ ಮೊದಲಾದವರು ಕೂಡಿ ನ್ಯೂಯಾರ್ಕ್ ಮತ್ತು ಬೆಂಗಳೂರುಗಳಲ್ಲಿ ನೆಲೆಗೊಳಿಸಿದ ವರ್ಜಿನ್ ಕಾಮಿಕ್ಸ್ ಸಂಸ್ಥೆ ಈ ಕೆಲಸವನ್ನು ದೊಡ್ಡ ಪ್ರಮಾಣಕ್ಕೆ ಏರಿಸಿತು. ಇದರ ಪ್ರಕಟಣೆಗಳಲ್ಲಿ ‘ದೇವಿ’ ನಮ್ಮ ವಿಷಯಕ್ಕೆ ಅತ್ಯಂತ ಪ್ರಕೃತವಾದುದು. ದೇವತೆಗಳಿಗೆ ದ್ರೋಹ ಬಗೆದ ಬಲ ಎಂಬವನನ್ನು ನಿಗ್ರಹಿಸಲು ಪುರಾತನದಲ್ಲಿ ಸೃಷ್ಟಿಯಾದ ಶಕ್ತಿಯು, ಸೀತಾಪುರವೆಂಬ ಕಲ್ಪಿತ ಮಹಾನಗರದ ತಾರಾ ಮೆಹ್ತಾ ಎಂಬ ಆಧುನಿಕ ತರುಣಿಯಲ್ಲಿ ಆವಿರ್ಭವಿಸುವುದು ಇದರ ವಸ್ತು. ಮೂಲಕಲ್ಪನೆ ಶೇಖರ್ ಕಪೂರರದು. ಮೊದಲು ಬರೆದವರು ಸಿದ್ಧಾರ್ಥ ಕೋಟಿಯನ್. ಕೆಲವೇ ಸಂಚಿಕೆಗಳ ಬಳಿಕ ಕಾದಂಬರಿಕಾರ ಸಮಿತ್ ಬಸು. ಅವರ ನಂತರ ಸೌರವ್ ಮಹಾಪಾತ್ರ. ಇಪ್ಪತ್ತು ಸಂಚಿಕೆಗಳಲ್ಲಿ ಮೂವರು ಲೇಖಕರು. ಕೋಟಿಯನ್ ಕೈಯಲ್ಲಿ ಪುರಾಣಪ್ರಸ್ತಾವವೇ ಪ್ರಧಾನವಾಗಿದ್ದು ತಾರಾ ವಿಧಿಯ ಕೈಗೊಂಬೆಯಂತೆ ತೋರಿದರೆ, ಪುರಾಣವನ್ನು ಪರಿಹಾಸದ ಕಣ್ಣಿನಿಂದ ನೋಡುವ ಕಾದಂಬರಿಗಳಿಂದ ಹೆಸರಾಗಿದ್ದ ಬಸು ಅವಳಿಗೆ ಎದುರುತ್ತರ ಕೊಡುವ ನಾಲಿಗೆಯನ್ನಿತ್ತರು. ದೈವತ್ವವನ್ನು ಬೇಡದೆ ಪಡೆದವಳ ಅಸಮಾಧಾನವೇ ಅವಳ ವ್ಯಕ್ತಿತ್ವವಾಯಿತು.

ಹೀಗಿದ್ದೂ ಓದುಗನಿಗೆ ಅವಳು ಒಬ್ಬಳೇ ಎಂದು ಅನಿಸುವುದಕ್ಕೆ ಕಾರಣ ಆರಂಭದ ಚಿತ್ರಕಾರ ಮುಕೇಶ್ ಸಿಂಗ್. ಅಂಚುಗಳಲ್ಲಿ ಕರಗುವ ಬೆಳಕು, ಎಣ್ಣೆವರ್ಣದ ಸಾಂದ್ರತೆ, ನಗರದ ಗಾಜಿನ ಗೋಡೆಗಳ ನಡುವೆ ಮೂಡುವ ಆಯುಧಧಾರಿಣಿಯ ನಿಲುವು ಇವುಗಳಲ್ಲಿ ಪಾತ್ರದ ಘನತೆ ನೆಲೆಸಿತ್ತಾದ್ದರಿಂದ, ಲೇಖಕನ ಪರಿಹಾಸವೂ ಅದನ್ನು ಹಗುರಗೊಳಿಸಲಾರದೆ ಹೋಯಿತು. ಫಾಕನ ಫ್ಯಾಂಟಮನಲ್ಲಿ ಲೇಖಕ ನಿಂತು ಚಿತ್ರಕಾರರು ಸರಿದರು. ಇಲ್ಲಿ ಲೇಖಕರು ಸರಿದರು, ಪಾತ್ರವನ್ನು ಕಾಪಾಡಿದ್ದು ಕುಂಚ. ಬೆಂಗಳೂರಿನ ಅತಿಮಾನವರ ಚರಿತ್ರೆಯನ್ನು ಲೇಖಕರ ಹೆಸರಿನಿಂದಷ್ಟೆ ವಿಭಾಗಿಸುವವರು ಇದನ್ನು ಗಮನಿಸಬೇಕು. 2008ರಲ್ಲಿ ಸಂಸ್ಥೆ ತನ್ನ ನ್ಯೂಯಾರ್ಕ್ ಕಚೇರಿಯನ್ನು ಮುಚ್ಚಿ, ಅಧಿಕಾರಿಗಳ ಒಡೆತನಕ್ಕೆ ಬಂದು, ಲಿಕ್ವಿಡ್ ಕಾಮಿಕ್ಸ್ ಎಂಬ ಹೆಸರನ್ನು ತಾಳಿತು. ಮುಕೇಶ್ ಸಿಂಗ್ ಮುಂದೆ ಸ್ಕಾಟ್ಲೆಂಡಿನ ಲೇಖಕ ಗ್ರ್ಯಾಂಟ್ ಮಾರಿಸನ್ ಜೊತೆಗೂಡಿ, ಕುರುಕ್ಷೇತ್ರಯುದ್ಧವನ್ನು ವಸ್ತುವಾಗುಳ್ಳ ‘18 ಡೇಸ್’ ಕೃತಿಗೆ ರೂಪವನ್ನಿತ್ತರು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನರನ್ನು ಬರೆದು ಪಳಗಿದ ಕೈ ಹೀಗೆ ಪಂಪ, ರನ್ನರ ವೀರರನ್ನು ಮುಟ್ಟಿತು.

ಇವೆಲ್ಲ ಇಂಗ್ಲಿಷಿನಲ್ಲಿ ಹೊರಬಂದವು. ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಇಂಗ್ಲಿಷ್ ಬಲ್ಲ ತರುಣರಿಗೆ ದೊರೆತದ್ದು, ಫ್ಯಾಂಟಮನನ್ನು ಕನ್ನಡದಲ್ಲಿ ಓದಿದ್ದ ಅವರ ತಂದೆತಾಯಿಯರ ಪೀಳಿಗೆಗೆ ಅಷ್ಟು ಸುಲಭವಾಗಿ ದೊರೆಯಲಿಲ್ಲವೆಂಬುದು ವಿಷಾದದ ಸಂಗತಿ.

ಪವಿತ್ರ ಪ್ರಭಾಕರನಾದರೋ ತನ್ನ ಮೊದಲ ಕರ್ತೃಗಳನ್ನು ಮೀರಿ ಬಾಳಿದನು. 2014ರಲ್ಲಿ ಡ್ಯಾನ್ ಸ್ಲಾಟ್ ನಡೆಸಿದ ‘ಸ್ಪೈಡರ್-ವರ್ಸ್’ ಕಥಾನಕದಲ್ಲಿ ಅನೇಕ ಲೋಕಗಳ ಜೇಡವೀರರಲ್ಲಿ ಒಬ್ಬನಾಗಿ ಮರಳಿದನು. 2023ರಲ್ಲಿ ಬ್ರಿಟಿಷ್ ಲೇಖಕ ನಿಕೇಶ್ ಶುಕ್ಲಾ, ಚಿತ್ರಕಾರ ಅಭಿಷೇಕ್ ಮಾಲ್ಸುನಿಯವರೊಡನೆ, ಅವನಿಗೆ ಸ್ವತಂತ್ರ ಮಾಲಿಕೆಯೊಂದನ್ನು ಬರೆದರು. ಅದೇ ವರ್ಷದ ಜೂನ್‌ನಲ್ಲಿ ತೆರೆಕಂಡ ‘ಅಕ್ರಾಸ್ ದಿ ಸ್ಪೈಡರ್-ವರ್ಸ್’ ಚಲನಚಿತ್ರದ ಲೇಖಕರಾದ ಫಿಲ್ ಲಾರ್ಡ್, ಕ್ರಿಸ್ಟೊಫರ್ ಮಿಲ್ಲರ್ ಮತ್ತು ಡೇವ್ ಕ್ಯಾಲಹ್ಯಾಮ್ ಅವನನ್ನು ಮುಂಬಯಿ ಮತ್ತು ಮ್ಯಾನ್‌ಹಟನ್‌ಗಳು ಬೆರೆತ ಮುಂಬ್ಯಾಟನ್ ಎಂಬ ನಗರಕ್ಕೆ ಒಯ್ದರು. ಹಳ್ಳಿಯಿಂದ ಬಂದು ನಾಚುತ್ತಿದ್ದ ಹುಡುಗ ಇಲ್ಲಿ ತನ್ನ ಕೇಶರಾಶಿಯ ಬಗೆಗೆ ಹೆಮ್ಮೆಪಡುವ, ವೀರತ್ವವನ್ನು ಹೂವೆತ್ತಿದಷ್ಟು ಹಗುರವಾಗಿ ನಿರ್ವಹಿಸುವ, ಬ್ರಿಟಿಷರು ಕದ್ದೊಯ್ದ ಸೊತ್ತನ್ನು ನೆನೆದು ಚುಚ್ಚುಮಾತಾಡುವ ಹಸನ್ಮುಖಿಯಾದನು. ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಿಡುಗಡೆಯಾದ ಆ ಚಿತ್ರಕ್ಕೆ ಕನ್ನಡ ಅವತರಣಿಕೆಯೂ ಇದ್ದುದರಿಂದ, ಕಾಂಗರ ರೇಖೆಯಲ್ಲಿ ಮೈತಳೆದ ಈ ಪಾತ್ರ ಸುಮಾರು ಎರಡು ದಶಕಗಳ ತರುವಾಯ ಬೆಂಗಳೂರಿನ ಚಿತ್ರಮಂದಿರಗಳಲ್ಲಿ ಕನ್ನಡವನ್ನಾಡಿತು. ಆ ಸಂಭಾಷಣೆಯನ್ನು ಬರೆದವರು ಅವನ ಕರ್ತೃಗಳ ಪಟ್ಟಿಗೆ ಇತ್ತೀಚೆಗೆ ಸೇರಿದವರು.