ಅಂತರಜಾಲ ಮೊದಲಿನಿಂದಲೂ ಜಂಗಮ

ಅಂತರಜಾಲದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಹೀಗೆ ಹೇಳಿಕೊಳ್ಳುತ್ತೇವೆ: ಮೊದಲು ತಂತಿ ಬಂತು, ಆಮೇಲೆ ತಂತಿ ಕಳಚಿತು. ಟೆಲಿಫೋನ್ ಲೈನಿಗೆ ಕಟ್ಟಿಹಾಕಿದ ಕಂಪ್ಯೂಟರು, ನಂತರ ಲ್ಯಾಪ್‌ಟಾಪಿಗೆ ಚುಚ್ಚುವ ಡಾಂಗಲ್, ಕೊನೆಗೆ ಕಿಸೆಯಲ್ಲಿನ ಹಾಟ್‌ಸ್ಪಾಟ್. ಬಳಕೆದಾರರ ಅನುಭವದ ಮಟ್ಟಿಗೆ ಇದು ನಿಜ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ತೆರೆದಾಗ ಹೆಚ್ಚಿನವರಿಗೆ ಸಿಕ್ಕಿದ್ದು ಡಯಲ್-ಅಪ್ ಸಂಪರ್ಕವೇ. ಆದರೆ ಜಾಲದ ಒಳಗಿನ ವಿನ್ಯಾಸದ ಚರಿತ್ರೆ ಈ ಕ್ರಮದಲ್ಲಿ ನಡೆದಿಲ್ಲ.

1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್‌ಸನ್ ನೇತೃತ್ವದ ತಂಡ ‘ಅಲೋಹಾನೆಟ್’ ಆರಂಭಿಸಿತು. ದ್ವೀಪಗಳ ನಡುವೆ ಸಮುದ್ರ ಇದ್ದುದರಿಂದ ಅವರು ರೇಡಿಯೊವನ್ನು ಆರಿಸಿಕೊಂಡರು. ಅದರ ನಿಯಮ ಬಹಳ ಸರಳ: ಸಂದೇಶ ಕಳಿಸು, ಮುಟ್ಟಿತೆಂಬ ಉತ್ತರ ಬಾರದಿದ್ದರೆ ಒಂದಿಷ್ಟು ಹೊತ್ತು ಕಾದು ಮತ್ತೆ ಕಳಿಸು. ಇಬ್ಬರು ಒಟ್ಟಿಗೆ ಮಾತಾಡಿ ಸಂದೇಶ ಕೆಟ್ಟುಹೋಗುವುದು ಇಲ್ಲಿ ಅಪಘಾತವಲ್ಲ, ಮೊದಲೇ ಲೆಕ್ಕಕ್ಕೆ ತೆಗೆದುಕೊಂಡ ಸಂಗತಿ.

ಈ ವಿಚಾರ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಆರ್ಪಾದ ಗಮನ ಸೆಳೆಯಿತು. ಚಲಿಸುವ ಸೈನಿಕ ವಾಹನಗಳಿಗೂ ಕಂಪ್ಯೂಟರ್ ಜಾಲ ಬೇಕೆಂಬುದು ಅದರ ಆಸೆ. ಆಗಿದ್ದ ಆರ್ಪಾನೆಟ್ ತಂತಿಯ ಜಾಲ. ಅಲ್ಲಿ ಸಂದೇಶ ಸುರಕ್ಷಿತವಾಗಿ ಮುಟ್ಟಿಸುವ ಹೊಣೆ ಜಾಲದ್ದೇ ಆಗಿತ್ತು. ರೇಡಿಯೊ ಅಂಥ ಭರವಸೆ ಕೊಡಲಾರದು. ಗುಡ್ಡ ಅಡ್ಡಬಂದರೆ, ವಾಹನ ಸೇತುವೆಯ ಕೆಳಗೆ ಹೋದರೆ ಸಂಕೇತ ಕಡಿಯುತ್ತದೆ. ಆದ್ದರಿಂದ ರಾಬರ್ಟ್ ಕಾನ್ ಮತ್ತು ವಿಂಟನ್ ಸರ್ಫ್ ಆ ಹೊಣೆಯನ್ನು ಜಾಲದಿಂದ ಕಿತ್ತು ಎರಡು ತುದಿಗಳ ಕಂಪ್ಯೂಟರುಗಳಿಗೆ ವಹಿಸಿದರು. ನಡುದಾರಿಯಲ್ಲಿ ಏನೇ ಕಳೆದುಹೋದರೂ ತುದಿಯಲ್ಲಿರುವವರು ಲೆಕ್ಕ ಇಟ್ಟು ಮತ್ತೆ ತರಿಸಿಕೊಳ್ಳಬೇಕು. 1974ರಲ್ಲಿ ಅವರು ಪ್ರಕಟಿಸಿದ ಈ ವಿನ್ಯಾಸವೇ ಮುಂದೆ ಟಿಸಿಪಿ/ಐಪಿ ಆಯಿತು.

ಪರೀಕ್ಷೆಯೂ ರಸ್ತೆಯ ಮೇಲೆಯೇ ನಡೆಯಿತು. 1976ರ ಆಗಸ್ಟ್ 27ರಂದು ಎಸ್‌ಆರ್‌ಐ ಸಂಸ್ಥೆಯ ವ್ಯಾನೊಂದು ಕ್ಯಾಲಿಫೋರ್ನಿಯಾದ ರೊಸೊಟ್ಟೀಸ್ ಎಂಬ ಬಿಯರ್ ಗಾರ್ಡನ್ನಿನ ಮುಂದೆ ನಿಂತಿತು. ಹೊರಗಿನ ಮರದ ಮೇಜಿನ ಮೇಲೆ ಟರ್ಮಿನಲ್ ಇಟ್ಟು, ವ್ಯಾನಿನ ರೇಡಿಯೊ ಮೂಲಕ ಆರ್ಪಾನೆಟ್ಟಿಗೆ ದಾಟಿ, ತಂಡ ತನ್ನ ವರದಿಯನ್ನು ಕಳಿಸಿತು. ಮುಂದಿನ ವರ್ಷ ನವೆಂಬರ್ 22ರಂದು ಹೆದ್ದಾರಿಯಲ್ಲಿ ಓಡುತ್ತಿದ್ದ ಅದೇ ಬಗೆಯ ವ್ಯಾನಿನಿಂದ ಹೊರಟ ಸಂದೇಶ ರೇಡಿಯೊ, ಆರ್ಪಾನೆಟ್ ಮತ್ತು ಉಪಗ್ರಹ ಎಂಬ ಮೂರು ಜಾಲಗಳನ್ನು ಹಾದು, ಅಟ್ಲಾಂಟಿಕ್ ದಾಟಿ, ಯುರೋಪು ಮುಟ್ಟಿ, ತಿರುಗಿ ಲಾಸ್ ಏಂಜಲೀಸ್ ಬಳಿಯ ಕಂಪ್ಯೂಟರಿಗೆ ತಲುಪಿತು. ಹಲವು ಜಾಲಗಳನ್ನು ಒಂದಾಗಿಸುವ ಅಂತರಜಾಲ ಹೀಗೆ ಕಣ್ಣಿಗೆ ಕಂಡಾಗ ಅದರ ಒಂದು ತುದಿ ಚಕ್ರಗಳ ಮೇಲಿತ್ತು.

ಆಮೇಲಿನದು ಬಹುಮಟ್ಟಿಗೆ ಕುಗ್ಗುವಿಕೆಯ ಕಥೆ. ವೈಫೈ ಮಾನಕದ ಮೊದಲ ರೂಪ 1997ರಲ್ಲಿ ಬಂತು. 2009ರಲ್ಲಿ ನೊವಾಟೆಲ್ ವೈರ್‌ಲೆಸ್ ಕಂಪನಿಯ ‘ಮೈಫೈ’ ಮೊಬೈಲ್ ಸಂಕೇತವನ್ನು ಹಿಡಿದು ಐದು ಸಾಧನಗಳಿಗೆ ವೈಫೈಯಾಗಿ ಹಂಚಿತು. 2010ರಲ್ಲಿ ಆಂಡ್ರಾಯ್ಡ್ ಆ ಕೆಲಸವನ್ನು ಫೋನಿನೊಳಗೇ ತಂದಿತು. ವ್ಯಾನು ಅಂಗೈಗೆ ಬಂತು.

ಈ ಚರಿತ್ರೆಯನ್ನು ಸರಿಯಾದ ಕ್ರಮದಲ್ಲಿ ಹೇಳುವುದು ಏಕೆ ಮುಖ್ಯ? ನಿಸ್ತಂತು ಸಂಪರ್ಕವನ್ನು ಕೊನೆಯ ಮೆಟ್ಟಿಲೆಂದು ಭಾವಿಸಿದರೆ, ಸಿಗ್ನಲ್ ಇಲ್ಲದ ಊರುಗಳು ಇನ್ನೂ ಕಾಯಬೇಕಾದ ಹಿಂದುಳಿದ ಜಾಗಗಳಾಗಿ ಕಾಣುತ್ತವೆ. 2020ರ ಲಾಕ್‌ಡೌನ್ ಕಾಲದಲ್ಲಿ ಮಲೆನಾಡಿನ ವಿದ್ಯಾರ್ಥಿಗಳು ಪಾಠ ಕೇಳಲು ಗುಡ್ಡ ಹತ್ತಿದ್ದನ್ನು ನಾವು ಭೂಗೋಳದ ತೊಂದರೆಯೆಂದು ಸುಲಭವಾಗಿ ಒಪ್ಪಿಕೊಂಡೆವು. ಆದರೆ ಈ ತಂತ್ರಜ್ಞಾನ ಗುಡ್ಡವನ್ನೂ ಸಮುದ್ರವನ್ನೂ ಮೊದಲೇ ಎದುರಿಗಿಟ್ಟುಕೊಂಡು ರೂಪುಗೊಂಡದ್ದು. ಕಡಿದುಹೋಗುವ ಸಂಕೇತವನ್ನು ಸಹಿಸಿಕೊಳ್ಳಲು ಅದು ಐವತ್ತು ವರ್ಷಗಳ ಹಿಂದೆಯೇ ಕಲಿತಿದೆ. ಇಲ್ಲದ ಟವರನ್ನು ಮಾತ್ರ ಯಾವ ಪ್ರೋಟೊಕಾಲೂ ತುಂಬಿಕೊಡಲಾರದು. ಅದು ಯಾರ ಊರಿಗೆ ಎಷ್ಟು ಖರ್ಚು ಮಾಡಬೇಕೆಂದು ನಿರ್ಧರಿಸುವವರ ಪ್ರಶ್ನೆ.